ಆಕಾಶ ನೋಡಲು ಗಣಿಗಿಳಿದವರು

ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನ ಊರಿಗಾಂನಲ್ಲಿ ವಿಜ್ಞಾನ ಮೇಷ್ಟ್ರಾಗಿದ್ದ ನನಗೆ ಪ್ರಶ್ನೆಗಳ ಬರವಿರಲಿಲ್ಲ. ಮನೆಯಲ್ಲಿ ತಮಿಳೋ ತೆಲುಗೋ ಆಡಿ ಶಾಲೆಯಲ್ಲಿ ಕನ್ನಡದಲ್ಲಿ ಕೇಳುವ ಗಣಿ ಕಾರ್ಮಿಕರ ಮಕ್ಕಳು ಪಠ್ಯಪುಸ್ತಕ ಬಿಟ್ಟು ನೇರ ಶಾಫ್ಟ್‌ಗೇ ಇಳಿಯುತ್ತಿದ್ದರು. “ಬಾವಿಗಿಳಿದರೆ ತಂಪು. ಗಣಿಗಿಳಿದ ನಮ್ಮಪ್ಪ ಯಾಕೆ ಸಾರ್ ಬೆವೆತು ಬರ್ತಾರೆ?”

ಬಾವಿ ಹತ್ತಿಪ್ಪತ್ತು ಮೀಟರ್. ಅಲ್ಲಿಗೆ ಬಿಸಿಲು ತಾಕದು, ಭೂಮಿಯ ಒಡಲ ಕಾವೂ ಗೊತ್ತಾಗದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಗಣಿಗಳು ಕೊನೆಗೆ 3 ಕಿಲೋಮೀಟರ್ ದಾಟಿದವು. ಅವುಗಳಲ್ಲೊಂದಾದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಮೀರಿತ್ತು. ಭೂಮಿ ಹುಟ್ಟಿದಾಗಿನ ಶಾಖ ಇನ್ನೂ ಆರಿಲ್ಲ. ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಕ್ಷಯಿಸುತ್ತ ಅದಕ್ಕೆ ಇನ್ನಷ್ಟು ಸೇರಿಸುತ್ತವೆ. ಉಸಿರಾಡಲೆಂದು ಕೆಳಗೆ ಕಳಿಸುವ ಗಾಳಿಯೂ, ಸೈಕಲ್ ಪಂಪಿನೊಳಗಿನ ಗಾಳಿಯಂತೆ, ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. 100 ಮೀಟರಿಗೆ ಸುಮಾರು 1 ಡಿಗ್ರಿ. ಇಷ್ಟು ಆಳ ಅಗೆಯಲು ಯಂತ್ರ ಬೇಕು, ಯಂತ್ರಕ್ಕೆ ವಿದ್ಯುತ್ ಬೇಕು. ಅದು 1902ರಲ್ಲೇ ಶಿವನಸಮುದ್ರದಿಂದ ಇಲ್ಲಿಗೆ ಬಂತು. ಬೆಂಗಳೂರಿಗಿಂತ ಮೂರು ವರ್ಷ ಮೊದಲು ಎಂದು ಸೇರಿಸದಿದ್ದರೆ ನಮ್ಮೂರಿನವರಿಗೆ ಊಟ ಸೇರದು.

ಇನ್ನೊಬ್ಬ ಹುಡುಗನ ಪ್ರಶ್ನೆ ಇದಕ್ಕಿಂತ ಚುರುಕು: “ಆಕಾಶದ ಕಣ ಹಿಡಿಯೋಕೆ ವಿಜ್ಞಾನಿಗಳು ಬೆಟ್ಟ ಹತ್ತೋದು ಬಿಟ್ಟು ಗಣಿಗೆ ಯಾಕಿಳಿದ್ರು?”

ವಿಶ್ವಕಿರಣಗಳಿಂದ ಹುಟ್ಟಿದ ಮ್ಯೂಯಾನ್ ಕಣಗಳು ಈ ಕ್ಷಣವೂ ನಿಮ್ಮ ಅಂಗೈ ತೂರಿ ಹೋಗುತ್ತಿವೆ, ಸೆಕೆಂಡಿಗೆ ಒಂದೆರಡು. ಅವು ಎಷ್ಟು ಆಳ ತೂರಬಲ್ಲವು? ಅಳೆದು ಬಾ ಎಂದು 1951ರಲ್ಲಿ ಹೋಮಿ ಭಾಭಾ ಇಲ್ಲಿಗೆ ಕಳಿಸಿದ್ದು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರನ್ನು. ಶ್ರೀಕಂಠನ್ ಮುಂದೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. 1960ರ ಸುಮಾರಿಗೆ ಉಪಕರಣಗಳು 2.7 ಕಿಲೋಮೀಟರ್ ಆಳಕ್ಕೆ ಹೋದವು. ವಾರಗಟ್ಟಲೆ ಕಾದರೂ ಒಂದೇ ಒಂದು ಮ್ಯೂಯಾನ್ ಬರಲಿಲ್ಲ. ಬೇರೆಯವರಾಗಿದ್ದರೆ ಸೋಲೆಂದು ಗಂಟುಮೂಟೆ ಕಟ್ಟುತ್ತಿದ್ದರು. ಇವರಿಗೆ ಅದೇ ಬೇಕಾಗಿತ್ತು. ಉಳಿದ ಕಣಗಳ ಗದ್ದಲವೆಲ್ಲ ಬಂಡೆಯಲ್ಲಿ ಸೋಸಿಹೋದ ಮೇಲೆ ಅಲ್ಲಿಗೆ ಮುಟ್ಟಬಲ್ಲದ್ದು ನ್ಯೂಟ್ರಿನೊ ಎಂಬ ಕಣ ಮಾತ್ರ.

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹ್ಯಾಂ ವಿಶ್ವವಿದ್ಯಾಲಯಗಳವರು ಕೂಡಿ ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟ್‌ನಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಕಾದರು. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು ಸಿಕ್ಕಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡ ಅದೇ ಬೇಟೆಯಲ್ಲಿತ್ತು; ನಮ್ಮವರ ವರದಿ ಕೆಲವೇ ದಿನ ಮೊದಲು ಅಚ್ಚಾಯಿತು. ಪತ್ರಿಕೆಗಳಲ್ಲಿ ವಿಜ್ಞಾನಿಗಳ ಹೆಸರು ಬಂತು. ಅವರ ಸಾಮಾನನ್ನು ಕೇಜಿನಲ್ಲಿ ಇಳಿಸಿದವರ ಹೆಸರು ಬರಲಿಲ್ಲ, ಅದು ಸರಿಯಲ್ಲ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಪಂಪುಗಳು ನಿಂತವು, ನೀರು ತುಂಬಿತು. ಇಂದಿನ ಮಕ್ಕಳಿಗೆ ಕೆಜಿಎಫ್ ಎಂದರೆ ಸಿನಿಮಾ. ತಪ್ಪೇನಿಲ್ಲ, ನಾನೂ ನೋಡಿದ್ದೇನೆ. ಆದರೆ ಕರ್ನಾಟಕದ ವಿಜ್ಞಾನ ಪಠ್ಯ ಬರೆಯುವವರೇ, ನ್ಯೂಟ್ರಿನೊ ಪಾಠ ಬಂದಾಗ ಜಪಾನಿನ ಪ್ರಯೋಗಗಳಿಗೆ ಹೋಗುವ ಮೊದಲು ಬಂಗಾರಪೇಟೆಯಲ್ಲಿ ರೈಲು ಬದಲಾಯಿಸಿ ಒಮ್ಮೆ ಇಲ್ಲಿಗೆ ಬನ್ನಿ.