ದಟ್ಟಣೆ

ದಟ್ಟ ಎಂದರೆ ಒತ್ತಾಗಿರುವುದು: ದಟ್ಟ ಕಾಡು, ದಟ್ಟ ಹೊಗೆ. ಅದರಿಂದ ಬಂದ ಹೆಸರುಪದ ದಟ್ಟಣೆ. ಮರಾಠಿಯ ‘ದಾಟ್’ ಕೂಡ ಇದೇ ಅರ್ಥದ್ದು. ಸಾಂಗಲಿ-ಮಿರಜ ಭಾಗದ ಎರಡು ನುಡಿ ಬಲ್ಲವರಿಗೆ ಎರಡೂ ಪರಿಚಿತ. ಜನದಟ್ಟಣೆ, ವಾಹನದಟ್ಟಣೆ ಪತ್ರಿಕೆಗಳಲ್ಲಿ ದಿನವೂ ಕಾಣುತ್ತವೆ.

ಸಂಚಾರ ಗಣಿತಕ್ಕೂ ಈ ಪದ ಚೆನ್ನಾಗಿ ಒಗ್ಗುತ್ತದೆ. ಅಲ್ಲಿ ದಟ್ಟಣೆಯೆಂದರೆ ಒಂದು ಕಿಲೋಮೀಟರಿನಲ್ಲಿರುವ ವಾಹನಗಳ ಸಂಖ್ಯೆ. ಅದನ್ನು ವೇಗದಿಂದ ಗುಣಿಸಿದರೆ ಗಂಟೆಗೆ ಹಾಯುವ ವಾಹನಗಳ ಲೆಕ್ಕ, ಅಂದರೆ ಹರಿವು, ಸಿಗುತ್ತದೆ. ದಟ್ಟಣೆ ಹೆಚ್ಚಿದಂತೆ ವೇಗ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆಂದು ಅಮೆರಿಕದ ಬ್ರೂಸ್ ಗ್ರೀನ್‌ಶೀಲ್ಡ್ಸ್ 1935ರಲ್ಲಿ ತೋರಿಸಿದರು. ಆ ಮಾದರಿಯಂತೆ, ರಸ್ತೆ ಪೂರಾ ಕಟ್ಟಿಕೊಳ್ಳುವ ದಟ್ಟಣೆಯ ಅರ್ಧದಲ್ಲಿ ಹರಿವು ಗರಿಷ್ಠ. 1955ರಲ್ಲಿ ಲೈಟ್‌ಹಿಲ್, ವಿದಮ್ ಅವರು ವಾಹನಸಾಲನ್ನು ನದಿಯ ನೆರೆಯಂತೆ ಸಮೀಕರಣಕ್ಕಿಳಿಸಿದರು. ಮರುವರ್ಷ ರಿಚರ್ಡ್ಸ್ ಬೇರೆಯಾಗಿಯೇ ಅಲ್ಲಿಗೆ ತಲುಪಿದರು.

ಹೆದ್ದಾರಿಗೆ ಕೂಡುದಾರಿ ಸೇರುವಲ್ಲಿ ಈ ಗಣಿತಕ್ಕೆ ನಿಜವಾದ ಕೆಲಸ. ಗಂಟೆಗೆ 2000 ವಾಹನ ಹಾಯಬಲ್ಲ ಜಾಗಕ್ಕೆ ಹೆದ್ದಾರಿಯಿಂದ 1800, ಪಕ್ಕದಿಂದ 500 ಬಂದವೆನ್ನಿ. ಉಳಿದ 300 ಹಿಂದೆ ಸಾಲುಗಟ್ಟುತ್ತವೆ, ಆ ಸಾಲಿನ ಬಾಲ ಹಿಂದಕ್ಕೆ ಬೆಳೆಯುತ್ತದೆ. ಕೂಡುದಾರಿಯ ವಾಹನಗಳನ್ನು ಸಿಗ್ನಲ್ ದೀಪದಿಂದ ತಡೆದು ಬಿಡುವ ಕ್ರಮದ ಹಿಂದಿರುವುದು ಇಂಥ ಲೆಕ್ಕವೇ.

ಈ ಗಣಿತವನ್ನು ನಮ್ಮ ರಸ್ತೆಗಳಿಗೂ ಹಚ್ಚಬಹುದು. ಸಾಂಗಲಿ ಬಳಿಯ ಬುಧಗಾಂವದಲ್ಲಿ ವಸಂತದಾದಾ ಪಾಟೀಲರ ಹೆಸರಿನ ಇಂಜಿನಿಯರಿಂಗ್ ಕಾಲೇಜಿದೆ. ಕಬ್ಬಿನ ಹಂಗಾಮಿನಲ್ಲಿ ಈ ಸೀಮೆಯ ರಸ್ತೆಗಳಲ್ಲಿ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ನಿಧಾನವಾಗಿ ಹೊರಳಿ ಮುಖ್ಯರಸ್ತೆ ಸೇರುತ್ತವೆ. ಲೆಕ್ಕದಲ್ಲಿ ಕಾರಿಗೊಂದು, ಟ್ರ್ಯಾಕ್ಟರಿಗೊಂದು ತೂಕ ಕೊಡದೆ ಇಲ್ಲಿನ ದಟ್ಟಣೆ ಅಳೆಯಲಾಗದು. ಆ ಕಾಲೇಜಿನಂಥ ಕಡೆ ಓದುವ ನಮ್ಮ ವಿದ್ಯಾರ್ಥಿಗಳು ಮೊದಲು ಮಾಡಬೇಕಾದದ್ದು ಇಂಥ ತೂಕಗಳಿರುವ ಮಾದರಿಯನ್ನೇ.