ಗುಣವಾಚಕ

ಗುಣವಾಚಕವು ನಾಮಪದವೊಂದು ಸೂಚಿಸುವ ವ್ಯಕ್ತಿ, ವಸ್ತು ಅಥವಾ ಸ್ಥಳದ ಗುಣ, ಗಾತ್ರ, ಬಣ್ಣ, ಸ್ಥಿತಿ ಮೊದಲಾದವನ್ನು ತಿಳಿಸುವ ಪದ. ಇದಕ್ಕೆ ವಿಶೇಷಣ, ನಾಮವಿಶೇಷಣ ಎಂಬ ಹೆಸರುಗಳೂ ಇವೆ. ಅದು ವಿವರಿಸುವ ನಾಮಪದವನ್ನು ವಿಶೇಷ್ಯ ಎನ್ನುತ್ತಾರೆ. ‘ಹಳೆಯ ದೇವಾಲಯ’ ಎಂಬಲ್ಲಿ ‘ಹಳೆಯ’ ವಿಶೇಷಣ, ‘ದೇವಾಲಯ’ ವಿಶೇಷ್ಯ. ಇಂಗ್ಲಿಷ್ ವ್ಯಾಕರಣದಲ್ಲಿ ಅಡ್ಜೆಕ್ಟಿವ್ ಸ್ವತಂತ್ರ ಪದವರ್ಗ. ಕನ್ನಡದ ಶಾಲಾ ವ್ಯಾಕರಣದಲ್ಲಾದರೋ ಗುಣವಾಚಕವು ರೂಢನಾಮ, ಅಂಕಿತನಾಮ, ಸಂಖ್ಯಾವಾಚಕಗಳಂತೆ ನಾಮಪದದ ಒಂದು ಬಗೆ. ಈ ವ್ಯತ್ಯಾಸಕ್ಕೆ ಎರಡು ಭಾಷೆಗಳ ಸ್ವರೂಪಕ್ಕಿಂತ ಅವುಗಳ ವ್ಯಾಕರಣ ಪರಂಪರೆಯೇ ಹೆಚ್ಚಿನ ಕಾರಣ.

ಇಂಗ್ಲಿಷ್‌ನಲ್ಲಿ

ಇಂಗ್ಲಿಷ್ ಗುಣವಾಚಕ ಸಾಮಾನ್ಯವಾಗಿ ನಾಮಪದದ ಹಿಂದೆ (‘ಓಲ್ಡ್ ಟೆಂಪಲ್’) ಅಥವಾ ಕ್ರಿಯಾಪದದ ನಂತರ (‘ದ ಟೆಂಪಲ್ ಈಸ್ ಓಲ್ಡ್’) ಬರುತ್ತದೆ. ‘ಅಸ್ಲೀಪ್’ನಂಥ ಕೆಲವು ಪದಗಳಿಗೆ ಎರಡನೆಯ ಸ್ಥಾನ ಮಾತ್ರ ಸಹಜ, ‘ಮಿಯರ್’ನಂಥವಕ್ಕೆ ಮೊದಲನೆಯದು ಮಾತ್ರ. ವಿಶೇಷ್ಯದ ಲಿಂಗ, ವಚನಗಳಿಗೆ ತಕ್ಕಂತೆ ಪದ ಬದಲಾಗುವುದಿಲ್ಲ. ಪ್ರಾಚೀನ ಇಂಗ್ಲಿಷ್‌ನಲ್ಲಿ ಬದಲಾಗುತ್ತಿತ್ತು. ಮಧ್ಯಕಾಲೀನ ಇಂಗ್ಲಿಷ್‌ನ ಅವಧಿಯಲ್ಲಿ ಆ ಪ್ರತ್ಯಯಗಳು ಬಿದ್ದುಹೋದವು. ಇಂದು ಉಳಿದಿರುವುದು ತರತಮ ರೂಪಗಳು ಮಾತ್ರ: ‘ಟಾಲ್’, ‘ಟಾಲರ್’, ‘ಟಾಲೆಸ್ಟ್’. ಉದ್ದದ ಪದಗಳಿಗೆ ಪ್ರತ್ಯಯದ ಬದಲು ‘ಮೋರ್’, ‘ಮೋಸ್ಟ್’ ಸೇರುತ್ತವೆ.

ಲ್ಯಾಟಿನ್ ವ್ಯಾಕರಣದ ಮಾದರಿಯನ್ನು ಅನುಸರಿಸಿದ ಹಳೆಯ ಇಂಗ್ಲಿಷ್ ವ್ಯಾಕರಣಗಳೂ ಗುಣವಾಚಕವನ್ನು ನಾಮಪದದ ಒಳಗೇ ಇಟ್ಟು ‘ನೌನ್ ಅಡ್ಜೆಕ್ಟಿವ್’ ಎಂದು ಕರೆಯುತ್ತಿದ್ದವು. ಲ್ಯಾಟಿನ್‌ನಲ್ಲಿ ಎರಡಕ್ಕೂ ಒಂದೇ ಬಗೆಯ ವಿಭಕ್ತಿಗಳು ಹತ್ತುವುದರಿಂದ ಆ ವಿಭಾಗಕ್ಕೆ ಅರ್ಥವಿತ್ತು. ಇಂಗ್ಲಿಷ್‌ಗೆ ಅದು ಹೊಂದುವುದಿಲ್ಲವೆಂಬ ತಿಳಿವಳಿಕೆ ಬಲಗೊಂಡಂತೆ ಪ್ರತ್ಯೇಕ ವರ್ಗ ನೆಲೆಗೊಂಡಿತು.

ಬಳ್ಳಿಗಾವಿ ಮತ್ತು ವ್ಯಾಕರಣ ಪರಂಪರೆ

ಕನ್ನಡದ ಮೇಲೆ ಇದೇ ಬಗೆಯ ಪ್ರಭಾವ ಬೀರಿದ್ದು ಸಂಸ್ಕೃತ ವ್ಯಾಕರಣ. ಕನ್ನಡ ನಾಡಿನಲ್ಲಿ ಅದರ ಅಧ್ಯಯನ ಎಷ್ಟು ವ್ಯಾಪಕವಾಗಿತ್ತೆಂಬುದಕ್ಕೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಾಸನವೊಂದು ಸಾಕ್ಷಿ. ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿದ್ದ ಈ ಊರಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವು ಕಾಳಾಮುಖ ಶೈವರ ವಿದ್ಯಾಕೇಂದ್ರವಾಗಿತ್ತು. ಕಲಚುರಿ ಬಿಜ್ಜಳನ ಕಾಲದ, 1162ರ ಶಾಸನವು ವಾಮಶಕ್ತಿ ಪಂಡಿತನು ಆಚಾರ್ಯನಾಗಿದ್ದ ಈ ಮಠದಲ್ಲಿ ನಡೆಯುತ್ತಿದ್ದ ಪಾಠಗಳನ್ನು ಹೆಸರಿಸುತ್ತದೆ. ವೇದ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಜೊತೆಗೆ ಕೌಮಾರ, ಪಾಣಿನೀಯ, ಶಾಕಟಾಯನ ಶಬ್ದಾನುಶಾಸನ ಮೊದಲಾದ ವ್ಯಾಕರಣಗಳು ಆ ಪಟ್ಟಿಯಲ್ಲಿವೆ. ಕೌಮಾರವೆಂದರೆ ಕಾತಂತ್ರ, ಶಾಕಟಾಯನನು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜೈನ ವೈಯಾಕರಣ. ಶೈವ ಮಠವೊಂದು ಜೈನ ವ್ಯಾಕರಣವನ್ನೂ ಕಲಿಸುತ್ತಿತ್ತೆಂಬುದು ಗಮನಾರ್ಹ. ಕನ್ನಡ ವ್ಯಾಕರಣದ ಹೆಸರು ಮಾತ್ರ ಅಲ್ಲಿಲ್ಲ.

ಸಂಸ್ಕೃತದಲ್ಲಿ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನೇ ಹೊಂದುತ್ತದೆ: ‘ಸುಂದರಃ ಬಾಲಕಃ’, ‘ಸುಂದರೀ ಬಾಲಿಕಾ’, ‘ಸುಂದರೇಣ ಬಾಲಕೇನ’. ‘ದರಿದ್ರಃ’ ಎಂಬ ಪದ ಒಂಟಿಯಾಗಿ ನಿಂತು ಬಡವನೆಂಬ ಅರ್ಥವನ್ನೂ ಕೊಡಬಲ್ಲದು. ಹೀಗಾಗಿ ಅದನ್ನು ನಾಮಪದದಿಂದ ಬೇರ್ಪಡಿಸುವ ಅಗತ್ಯ ಆ ವೈಯಾಕರಣರಿಗೆ ಬೀಳಲಿಲ್ಲ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನೂ 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ಬರೆದ ಭಟ್ಟಾಕಳಂಕನೂ ಈ ಚೌಕಟ್ಟಿನೊಳಗೇ ಕನ್ನಡವನ್ನು ವಿವರಿಸಿದರು.

ಕನ್ನಡದಲ್ಲಿ

ಕನ್ನಡದ ನಡವಳಿಕೆ ಬೇರೆ. ‘ಒಳ್ಳೆಯ ಹುಡುಗ’, ‘ಒಳ್ಳೆಯ ಹುಡುಗಿ’, ‘ಒಳ್ಳೆಯ ಮಕ್ಕಳಿಗೆ’ ಎಂಬ ಮೂರರಲ್ಲೂ ‘ಒಳ್ಳೆಯ’ ಬದಲಾಗದೆ ನಿಲ್ಲುತ್ತದೆ. ಈ ವಿಷಯದಲ್ಲಿ ಕನ್ನಡವು ಸಂಸ್ಕೃತಕ್ಕಿಂತ ಇಂಗ್ಲಿಷ್‌ಗೆ ಹತ್ತಿರ. ‘ಬಡ ರೈತ’ ಎನ್ನಬಹುದು, ಆದರೆ ‘ಬಡ’ಕ್ಕೆ ನೇರವಾಗಿ ವಿಭಕ್ತಿ ಹತ್ತುವುದಿಲ್ಲ, ಮೊದಲು ಅದು ‘ಬಡವ’ ಎಂಬ ನಾಮಪದವಾಗಬೇಕು, ಆಮೇಲೆ ‘ಬಡವನಿಗೆ’. ವಾಕ್ಯದ ಕೊನೆಯಲ್ಲಿ ಬರುವಾಗಲೂ ಹೀಗೆಯೇ: ಹುಡುಗ ಒಳ್ಳೆಯವನು, ಹುಡುಗಿ ಒಳ್ಳೆಯವಳು, ಊರು ದೊಡ್ಡದು. ಇಲ್ಲಿ ಇಂಗ್ಲಿಷ್ ‘ಗುಡ್’ ಎಂಬ ಒಂದೇ ರೂಪದಿಂದ ಸಾಗಿಸುತ್ತದೆ.

ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 1994ರಲ್ಲಿ ಪ್ರಕಟವಾದ ‘ದಿ ಅಡ್ಜೆಕ್ಟೈವಲ್ ಕೆಟಗರಿ’ ಎಂಬ ಇಂಗ್ಲಿಷ್ ಗ್ರಂಥದಲ್ಲಿ ಗುಣವಾಚಕವನ್ನು ಪ್ರತ್ಯೇಕ ವರ್ಗವೆಂದು ಗುರುತಿಸುವ ಮಾನದಂಡಗಳನ್ನು ಹಲವು ಭಾಷೆಗಳ ಆಧಾರದಿಂದ ಚರ್ಚಿಸಿದ್ದಾರೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡ ವ್ಯಾಕರಣವನ್ನು ಎರಕ ಹೊಯ್ಯುವುದಕ್ಕೆ ಅವರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಕೃತಿ ಆಕ್ಷೇಪವೆತ್ತುತ್ತದೆ. ಗುಣವಾಚಕಕ್ಕೆ ಅವರು ಬಳಸುವ ಪದ ‘ಪರಿಚೆಪದ’. ಶಾಲಾ ಪಠ್ಯಗಳಲ್ಲಿ ಮಾತ್ರ ಹಳೆಯ ವರ್ಗೀಕರಣವೇ ಉಳಿದಿದೆ.

ಅಚ್ಚಗನ್ನಡದ ಗುಣವಾಚಕಗಳ ಸಂಖ್ಯೆ ದೊಡ್ಡದಲ್ಲ. ಉಳಿದ ಕೆಲಸವನ್ನು ಕೃದಂತಗಳು (‘ಮುರಿದ ಕಂಬ’), ‘ಆದ’ ಸೇರಿದ ರೂಪಗಳು (‘ಸುಂದರವಾದ ಶಿಲ್ಪ’) ಮತ್ತು ಷಷ್ಠೀ ವಿಭಕ್ತಿಯ ನಾಮಪದಗಳು ಮಾಡುತ್ತವೆ. ‘ಕೋಡಿಯ ಮಠ’ವೇ ಕೊನೆಯದಕ್ಕೆ ಉದಾಹರಣೆ; ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹರಿಯುವ ಎಡೆ. ಕೆಲವು ಹಳೆಯ ರೂಪಗಳು ಸಮಾಸಗಳಲ್ಲಿ ಮಾತ್ರ ಬದುಕಿವೆ: ಹೆಬ್ಬಾಗಿಲು, ಹೆಮ್ಮರ, ತಣ್ಣೀರು, ಬೆಳ್ದಿಂಗಳು, ಕೆಂದಾವರೆ.

ತರತಮ ಭಾವಕ್ಕೆ ಕನ್ನಡದ ಗುಣವಾಚಕದಲ್ಲಿ ಪ್ರತ್ಯಯವಿಲ್ಲ. ಹೋಲಿಕೆಯ ಭಾರವನ್ನು ‘ಗಿಂತ’ ಹೊರುತ್ತದೆ: ಕಂಬ ಬಾಗಿಲಿಗಿಂತ ಎತ್ತರ. ಬೇಕಾದರೆ ‘ಇನ್ನೂ’, ‘ಹೆಚ್ಚು’ ಸೇರುತ್ತವೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳ ಇಂಗ್ಲಿಷ್‌ನಲ್ಲಿ ಕಾಣುವ ‘ಮೋರ್ ಟಾಲರ್’ ಎಂಬ ಪ್ರಯೋಗಕ್ಕೆ ಈ ‘ಇನ್ನೂ’ ಒಂದು ಕಾರಣವಾಗಿರಬಹುದು. ಆದರೆ ಷೇಕ್ಸ್‌ಪಿಯರನ ಕಾಲದ ಇಂಗ್ಲಿಷರೂ ಇಂಥ ಇಮ್ಮಡಿ ರೂಪಗಳನ್ನು ಧಾರಾಳವಾಗಿ ಬಳಸುತ್ತಿದ್ದರು.