ಯಾಕೆ ಮಾರುತ್ತಿದ್ದೀರಿ?

1967ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಇಪ್ಪತ್ತೇಳು ವಯಸ್ಸಿನ ಅಮೆರಿಕನ್ ಅರ್ಥಶಾಸ್ತ್ರಜ್ಞರು ಒಂದು ವರ್ಷದ ಮಟ್ಟಿಗೆ ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಬಂದರು. ಬರುವ ಮುನ್ನ ಒಂದು ಪ್ರಬಂಧವನ್ನು ಹೆಸರಾಂತ ಪತ್ರಿಕೆಯೊಂದಕ್ಕೆ ಕಳಿಸಿದ್ದರು. ಅದು ತಿರಸ್ಕೃತವಾಯಿತೆಂಬ ಕಾಗದ ಕೈಸೇರಿದ್ದು ಅವರು ಇಲ್ಲಿರುವಾಗಲೇ. ಆಮೇಲೆ ಇನ್ನೂ ಎರಡು ಪತ್ರಿಕೆಗಳು ಬೇಡವೆಂದವು. ವಿಷಯ ತೀರ ಕ್ಷುಲ್ಲಕ ಎಂಬುದು ಒಂದು ಆಕ್ಷೇಪ. ಇದು ನಿಜವಾದರೆ ಅರ್ಥಶಾಸ್ತ್ರವೇ ಬೇರೆಯಾಗಬೇಕಲ್ಲ ಎಂಬುದು ಇನ್ನೊಂದು. ಕೊನೆಗೆ 1970ರಲ್ಲಿ ನಾಲ್ಕನೆಯ ಪತ್ರಿಕೆ ಅಚ್ಚು ಹಾಕಿತು. 2001ರಲ್ಲಿ ಅವರಿಗೆ ನೊಬೆಲ್ ಬಂದದ್ದು ಮುಖ್ಯವಾಗಿ ಆ ಹದಿಮೂರು ಪುಟಗಳ ಕಾರಣಕ್ಕೆ. ಅದರಲ್ಲಿದ್ದ ಮೊದಲ ಉದಾಹರಣೆ ಸೆಕೆಂಡ್ ಹ್ಯಾಂಡ್ ಕಾರಿನದು.

ವಾದ ಸರಳ. ಕಾರು ಹೇಗಿದೆಯೆಂದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಒಳ್ಳೆಯ ಕಾರಿಗೂ ಕೆಟ್ಟ ಕಾರಿಗೂ ನಡುವಿನ ಒಂದು ಬೆಲೆ ಹೇಳುತ್ತಾನೆ. ಒಳ್ಳೆಯ ಕಾರಿದ್ದವನಿಗೆ ಆ ಬೆಲೆ ಗಿಟ್ಟುವುದಿಲ್ಲ, ಇಟ್ಟುಕೊಳ್ಳುತ್ತಾನೆ. ಸಂತೆಯಲ್ಲಿ ಉಳಿಯುವುದು ಕೆಟ್ಟದ್ದೇ. ಅಮೆರಿಕದ ಆಡುಮಾತಿನಲ್ಲಿ ಇಂಥ ಕಾರಿಗೆ ನಿಂಬೆಹಣ್ಣು ಎನ್ನುತ್ತಾರೆ. (ನಾವು ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣಿಟ್ಟು ಅಪ್ಪಚ್ಚಿ ಮಾಡುತ್ತೇವೆ, ಅವರಲ್ಲಿ ಕಾರೇ ನಿಂಬೆಹಣ್ಣು.) ಶೋರೂಮಿನಿಂದ ಹೊರಬಿದ್ದ ಕೂಡಲೇ ಕಾರಿನ ಬೆಲೆ ಯಾಕೆ ಬೀಳುತ್ತದೆ ಎಂಬುದಕ್ಕೆ ಇದೇ ವಿವರಣೆ. ಮೊನ್ನೆ ಕೊಂಡದ್ದನ್ನು ಇವತ್ತು ಮಾರುತ್ತಿದ್ದಾನೆಂದರೆ ಏನೋ ಐಬಿರಬೇಕು ಎಂದು ಎಲ್ಲರೂ ಅನುಮಾನಿಸುತ್ತಾರೆ.

ಆ ಪ್ರಬಂಧದಲ್ಲಿ ಭಾರತವೂ ಇದೆ. ಅಕ್ಕಿಗೆ ಅದರದೇ ಬಣ್ಣದ ಕಲ್ಲು ಬೆರೆಸಿ ಮಾರುವ ಬಜಾರು, ಕೂತು ಆರಿಸುವ ಗೃಹಿಣಿ ಅದರಲ್ಲಿ ಬರುತ್ತಾರೆ. ಕಾರಿನ ಉದಾಹರಣೆ ಮಾತ್ರ ಅಮೆರಿಕದ್ದು. ಅದು ಹಾಗೇ ಇರಬೇಕಿತ್ತು ಕೂಡ, ಯಾಕೆಂದರೆ ಅವರಿದ್ದ ದೆಹಲಿಯ ರಸ್ತೆಗಳಲ್ಲಿ ಈ ನಿಯಮ ತಲೆಕೆಳಗಾಗಿತ್ತು.

ಆಗ ದೇಶದಲ್ಲಿ ತಯಾರಾಗುತ್ತಿದ್ದದ್ದು ಮುಖ್ಯವಾಗಿ ಮೂರು ಕಾರು: ಉತ್ತರಪಾರಾದ ಅಂಬಾಸಿಡರ್, ಮುಂಬೈ ಕುರ್ಲಾದ ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಎಷ್ಟು ತಯಾರಿಸಬೇಕೆಂಬುದು ಲೈಸೆನ್ಸಿನಲ್ಲಿ ಬರೆದಿತ್ತು, ಬೆಲೆಯ ಮೇಲೆ ಸರ್ಕಾರದ ಕಣ್ಣಿತ್ತು. ದುಡ್ಡು ಕಟ್ಟಿ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಆಗಷ್ಟೇ ಕೈಗೆ ಬಂದ ಕಾರನ್ನು ಮಾರಿದರೆ ಕೊಂಡ ಬೆಲೆಗಿಂತ ಹೆಚ್ಚೇ ಸಿಗುತ್ತಿತ್ತು. ಮಾರಲು ಕಾರು ಕೆಟ್ಟಿರಬೇಕಾಗಿರಲಿಲ್ಲ, ಲಾಭವೇ ಸಾಕಷ್ಟು ಕಾರಣವಾಗಿತ್ತು. ಅಕರ್ಲಾಫರ ತರ್ಕದ ಬುಡವಿರುವುದು ಮಾರುವವನ ಉದ್ದೇಶದಲ್ಲಿ. ಉದ್ದೇಶ ಬೇರೆಯಾದಾಗ ಅನುಮಾನವೂ ಬೇರೆಯಾಗುತ್ತದೆ. ಹಳೆ ಕಾರನ್ನು ಪರೀಕ್ಷಿಸುವ ನಮ್ಮ ಚರಿತ್ರೆಯನ್ನು 'ಯಾಕೆ ಮಾರುತ್ತಿದ್ದೀರಿ?' ಎಂಬ ಒಂದೇ ಪ್ರಶ್ನೆ ಹಿಡಿದು ಓದಬಹುದು ಎಂದು ನನಗನ್ನಿಸುವುದು ಇದಕ್ಕೇ.

ಹಾಗೆಂದು ಆ ಕಾರುಗಳು ಗಟ್ಟಿಯಿದ್ದವು ಎಂದಲ್ಲ. ಹೊಸ ಕಾರುಗಳ ಗುಣಮಟ್ಟದ ಬಗ್ಗೆ ದೂರು ಎಷ್ಟು ಹೆಚ್ಚಿತೆಂದರೆ, 1960ರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರ ಅದನ್ನು ವಿಚಾರಿಸಲೆಂದೇ ಸಮಿತಿ ನೇಮಿಸಬೇಕಾಯಿತು. ಆದರೆ ಆ ಕಾರುಗಳಲ್ಲಿ ಒಂದು ಅನುಕೂಲವಿತ್ತು. ಅವು ಬದಲಾಗುತ್ತಿರಲಿಲ್ಲ. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಅಂಬಾಸಿಡರ್ ಐವತ್ತಕ್ಕೂ ಹೆಚ್ಚು ವರ್ಷ, 2014ರವರೆಗೆ, ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲಿ ಬಂತು. ಫಿಯಟ್ 1100 ಹೆಸರು ಬದಲಿಸಿಕೊಂಡು ಪ್ರೀಮಿಯರ್ ಪದ್ಮಿನಿಯಾಯಿತು, ಒಳಗೆ ಅದೇ 1089 ಸಿಸಿ ಎಂಜಿನ್. ಒಂದೇ ಎಂಜಿನನ್ನು ಮೂವತ್ತು ವರ್ಷ ಬಿಚ್ಚಿ ಕಟ್ಟಿದ ಮೇಸ್ತ್ರಿಗೆ ಅದರಲ್ಲಿ ಗುಟ್ಟು ಏನು ಉಳಿದೀತು? ಮಾರುವವನಿಗೆ ಗೊತ್ತಿಲ್ಲದ್ದೂ ಅವನಿಗೆ ಗೊತ್ತಿರುತ್ತಿತ್ತು.

ಆ ಪರೀಕ್ಷೆಗಳು ಇವತ್ತಿಗೂ ಕೆಲಸಕ್ಕೆ ಬರುತ್ತವೆ. ಮೊದಲು ಬಾನೆಟ್ಟಿನ ಮೇಲೆ ಅಂಗೈ. ಬಿಸಿಯಿದ್ದರೆ, ನೀವು ಬರುವ ಮೊದಲೇ ಗಾಡಿ ಓಡಿಸಿಟ್ಟಿದ್ದಾರೆ. ತಣ್ಣಗಿರುವಾಗ ಕಾಣುವ ರೋಗ ಬಿಸಿಯಲ್ಲಿ ಅಡಗುತ್ತದೆ. ತಣ್ಣನೆಯ ಎಂಜಿನನ್ನೇ ಸ್ಟಾರ್ಟ್ ಮಾಡಿಸಿ ಹಿಂದೆ ನಿಂತು ಹೊಗೆ ನೋಡಬೇಕು. ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆಯುವುದು. ಅಲ್ಲಿಂದ ಬುಸುಬುಸು ಹೊಗೆ ಎದ್ದರೆ ಮೇಸ್ತ್ರಿಯ ಬಾಯಲ್ಲಿ ಬರುವ ಮಾತು 'ಬ್ಯಾಕ್ ಕಂಪ್ರೆಷನ್', ಅಂದರೆ ರಿಂಗು, ಬೋರು ಸವೆದಿವೆ. ಬಾಡಿಯ ಮೇಲೆ ಚಿಕ್ಕ ಅಯಸ್ಕಾಂತ ಓಡಿಸಿದರೆ ತಗಡು ಎಲ್ಲಿದೆ, ಪುಟ್ಟಿ ಎಲ್ಲಿದೆ ಎಂಬುದು ತಿಳಿಯುತ್ತದೆ. ಮುಂಬೈ, ಚೆನ್ನೈಯ ಉಪ್ಪುಗಾಳಿಯ ಕಾರಾದರೆ ಮ್ಯಾಟ್ ಎತ್ತಿ ನೆಲ ನೋಡದೆ ಮುಂದಿನ ಮಾತೇ ಇಲ್ಲ.

ಓಡೋಮೀಟರನ್ನು ಆ ಕಾಲದಲ್ಲೂ ಯಾರೂ ನಂಬುತ್ತಿರಲಿಲ್ಲ. ಬಹಳಷ್ಟರಲ್ಲಿ ಐದೇ ಅಂಕಿ, ಒಂದು ಲಕ್ಷ ದಾಟಿದರೆ ಮತ್ತೆ ಸೊನ್ನೆ. ಕೇಬಲ್ ಕಳಚಿಟ್ಟು ಓಡಿಸಿದರೆ ಅದೂ ಇಲ್ಲ. ಅದಕ್ಕೇ ಪೆಡಲಿನ ರಬ್ಬರ್ ನೋಡುತ್ತಿದ್ದರು. ಮೂವತ್ತು ಸಾವಿರ ಕಿಲೋಮೀಟರ್ ಓಡಿದೆ ಎನ್ನುವ ಕಾರಿನಲ್ಲಿ ಕ್ಲಚ್ ಪೆಡಲ್ ನುಣ್ಣಗೆ ಸವೆದಿದ್ದರೆ ಕೇಳುವುದೇನೂ ಉಳಿಯುತ್ತಿರಲಿಲ್ಲ.

ಈ ಮೇಸ್ತ್ರಿಯ ಬೆನ್ನಿಗೆ ಗುಜರಿ ಪೇಟೆಗಳಿದ್ದವು. ಮುಂಬೈಗೆ ಕುರ್ಲಾ, ಚೆನ್ನೈಗೆ ಪುದುಪೇಟೆ, ದೆಹಲಿಗೆ ಕಾಶ್ಮೀರಿ ಗೇಟ್ ಮತ್ತು ಮಾಯಾಪುರಿ, ಬೆಂಗಳೂರಿಗೆ ಜೆ.ಸಿ. ರೋಡ್ ಮತ್ತು ಶಿವಾಜಿನಗರ. ಭಾಗ ಸಿಗುತ್ತದೆ, ಕೂರಿಸುವ ಕೈಯೂ ಸಿಗುತ್ತದೆ ಎಂಬ ಧೈರ್ಯವೇ ಅಂದಿನ ಭರವಸೆ. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಅಷ್ಟು ಕಾಲ ಬದುಕಿದ್ದು ಇದರಿಂದಲೇ. ಟ್ಯಾಕ್ಸಿಯವನಿಗೆ ಕೆಟ್ಟು ನಿಂತ ದಿನ ಎಂದರೆ ಒಲೆ ಹೊತ್ತದ ದಿನ. ಅವನು ಕಾರು ಆರಿಸಿದ್ದು ಅದು ಕೆಡುವುದಿಲ್ಲ ಎಂದಲ್ಲ, ಕೆಟ್ಟರೆ ಸಂಜೆಯೊಳಗೆ ಎದ್ದೀತು ಎಂದು. ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಎಂಜಿನ್ ಸತ್ತು ಅಲ್ಲ, ಟ್ಯಾಕ್ಸಿಗಳಿಗಿರುವ 20 ವರ್ಷದ ಮಿತಿ ಮುಗಿದು.

ಆ ದಿನಗಳನ್ನು ನೆನೆದು ಹನಿಗಣ್ಣಾಗುವವರಿದ್ದಾರೆ, ನಾನು ಅವರಲ್ಲಿ ಒಬ್ಬನಲ್ಲ. ನೀವು ಕರೆದೊಯ್ದ ಮೇಸ್ತ್ರಿ ದಲ್ಲಾಳಿಯಿಂದಲೂ ಕಮಿಷನ್ ತಿನ್ನಬಹುದಿತ್ತು. ಅವನ ಮಾತನ್ನು ಪರೀಕ್ಷಿಸಲು ಇನ್ನೊಬ್ಬ ಮೇಸ್ತ್ರಿಯೇ ಬೇಕಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಕಿಲ್ಲವೆಂದಾಯಿತು. ಕಾಯುವ ಸಾಲು ಕರಗಿತು, ಬ್ಯಾಂಕುಗಳು ಕರೆದು ಸಾಲ ಕೊಟ್ಟವು. ಆಗ ಅಕರ್ಲಾಫರ ನಿಯಮ ಭಾರತಕ್ಕೂ ಕಾಲಿಟ್ಟಿತು. ಹೊಸದು ಸುಲಭವಾಗಿ ಸಿಗುವಾಗ ಹಳೆಯದನ್ನು ಯಾಕೆ ಮಾರುತ್ತಾರೆ ಎಂಬ ಅನುಮಾನಕ್ಕೆ ಮೊದಲ ಬಾರಿಗೆ ಅರ್ಥ ಬಂತು. ಅನುಮಾನದ ಮದ್ದು ಗ್ಯಾರಂಟಿ ಮತ್ತು ಹೆಸರು ಎಂದು ಅಕರ್ಲಾಫ್ ಬರೆದಿದ್ದರು. ಮಾರುತಿ ಹಳೆ ಕಾರುಗಳನ್ನು ತಾನೇ ಪರೀಕ್ಷಿಸಿ ಮಾರುವ ಟ್ರೂ ವ್ಯಾಲ್ಯೂ ಮಳಿಗೆಗಳನ್ನು ತೆರೆದದ್ದು ಅವರಿಗೆ ನೊಬೆಲ್ ಬಂದ 2001ರಲ್ಲೇ.

ಬಗೆಬಗೆಯ ಕಾರುಗಳು ಬಂದದ್ದರಿಂದ ಇನ್ನೊಂದು ತೊಂದರೆ ಹುಟ್ಟಿತು. ಬಂದವರೆಲ್ಲ ಉಳಿಯಲಿಲ್ಲ. ಪ್ಯೂಜೋ 309 ಬಂದು ಹೋಯಿತು, ದೇವೂ ಬಾಗಿಲು ಹಾಕಿತು, ಓಪೆಲ್ ಮರೆಯಾಯಿತು. 2017ರ ಕೊನೆಗೆ ಷೆವರ್ಲೆ ಮಾರಾಟ ನಿಲ್ಲಿಸಿತು, 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ಬಿಡುವುದಾಗಿ ಹೇಳಿತು. ಕಂಪನಿ ಹೋದರೆ ಒಳ್ಳೆಯ ಕಾರಿನ ಬೆಲೆಯೂ ಬೀಳುತ್ತದೆ. ಇಲ್ಲಿ ಬೀಳುವುದು ಕಾರಿನ ಮೇಲಿನ ನಂಬಿಕೆಯಲ್ಲ, ಭಾಗ ಸಿಗುತ್ತದೆಂಬ ನಂಬಿಕೆ. ಆದರೆ ಬ್ಯಾಡ್ಜ್ ಒಂದೇ ನೋಡಿದರೆ ಸಾಲದು. ಫಿಯಟ್ಟಿನ 1.3 ಲೀಟರ್ ಡೀಸೆಲ್ ಎಂಜಿನ್ ಪುಂಟೋದಲ್ಲೂ ಇತ್ತು, ಮಾರುತಿ ಸ್ವಿಫ್ಟ್‌ನಲ್ಲೂ ಇತ್ತು, ಟಾಟಾ ಇಂಡಿಕಾ ವಿಸ್ಟಾದಲ್ಲೂ ಇತ್ತು. ಜನ ಅದನ್ನು ರಾಷ್ಟ್ರೀಯ ಎಂಜಿನ್ ಎಂದೇ ಕರೆದರು. ಫಿಯಟ್ ಹೋದರೂ ಆ ಎಂಜಿನ್ ಬಿಚ್ಚಬಲ್ಲವರು ಊರೂರಲ್ಲಿ ಉಳಿದರು. ಪುಂಟೋದ ಬಂಪರ್ ಮತ್ತು ದೀಪದ ವಿಷಯ ಬೇರೆ.

ನಡುವೆ ನೀರು ಬಂತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. 2015ರ ಡಿಸೆಂಬರಿನಲ್ಲಿ ಚೆನ್ನೈ, 2020ರ ಅಕ್ಟೋಬರಿನಲ್ಲಿ ಹೈದರಾಬಾದ್. ಅಷ್ಟು ಹೊತ್ತಿಗೆ ಕಾರಿನ ತುಂಬ ವೈರು, ಸೆನ್ಸರ್, ಕಂಪ್ಯೂಟರ್. ಪದ್ಮಿನಿ ಮುಳುಗಿದರೆ ಬಿಚ್ಚಿ ಒಣಗಿಸಿ ಓಡಿಸಬಹುದಿತ್ತು. ಈ ಕಾರುಗಳಲ್ಲಿ ಕನೆಕ್ಟರುಗಳ ಒಳಗೆ ಹಿಡಿದ ತುಕ್ಕು ಆರು ತಿಂಗಳ ನಂತರ ಮಾತಾಡುತ್ತದೆ. ವಿಮೆಯವರು ಪೂರ್ತಿ ನಷ್ಟವೆಂದು ಬರೆದ ಗಾಡಿಗಳು ಹರಾಜಾಗಿ, ತೊಳೆದು ಬಣ್ಣ ಕಂಡು, ಮುಳುಗದ ಊರಿನಲ್ಲಿ ಮತ್ತೆ ಮಾರಾಟಕ್ಕೆ ನಿಲ್ಲುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ತೊಳೆಯುವವರು ಮರೆಯುವ ಜಾಗ ಅದು. ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಹಳಿ ಮತ್ತು ಸ್ಟೆಪ್ನಿಯ ಗುಂಡಿಯನ್ನೂ ಬಿಡಬೇಡಿ.

ಮೇಸ್ತ್ರಿಯ ಕಿವಿಗೆ ಸಿಗದ್ದು ಈಗ ಕಾಗದದಲ್ಲಿ ಸಿಗುತ್ತದೆ. ಅದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ವಿಮೆ ಪಾಲಿಸಿಯ 'ನೋ ಕ್ಲೇಮ್ ಬೋನಸ್' ಎಂಬ ಸಾಲು. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ. 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ. 50 ಆಗುತ್ತದೆ, ಒಂದು ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ಸೊನ್ನೆ. 'ಒಂದು ಗೀರೂ ಬಿದ್ದಿಲ್ಲ ಸಾರ್' ಎನ್ನುವವರ ಪಾಲಿಸಿಯಲ್ಲಿ ಸೊನ್ನೆಯಿದ್ದರೆ ವಿವರ ಕೇಳುವ ಹಕ್ಕು ನಿಮಗಿದೆ.

ಆರ್‌ಸಿಯಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಹೆಸರು. 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣವೊಂದರಲ್ಲಿ, 2007ರಲ್ಲೇ ಮಾರಿದ್ದ ಕಾರು ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತ ಮಾಡಿತ್ತು. ಆರ್‌ಸಿಯಲ್ಲಿ ಆಗಲೂ ಇದ್ದದ್ದು ಮೊದಲನೆಯವರ ಹೆಸರು. ಪರಿಹಾರದ ಹೊಣೆ ಅವರದೇ ಎಂದು ಕೋರ್ಟ್ ಹೇಳಿತು. ಮಾರುವವರಿಗೆ ಇದು ಎಚ್ಚರಿಕೆ. ಕೊಳ್ಳುವವರಿಗೆ ಸುಳಿವು: ಎದುರು ನಿಂತವರು ಆರ್‌ಸಿಯಲ್ಲಿ ಇಲ್ಲದಿದ್ದರೆ ಅವರು ಹೇಳುವ ಕಾರಣ ಕಾರಿನ ನಿಜವಾದ ಮಾಲೀಕರದ್ದಲ್ಲ.

ಈ ಕಥೆಯ ವಿಚಿತ್ರ ತಿರುವು ಅಕರ್ಲಾಫ್ ಇದ್ದ ದೆಹಲಿಯಲ್ಲೇ ಬಂತು. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳು ರಾಜಧಾನಿ ವಲಯದಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೊಟ್ಟ ಆದೇಶಗಳನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಜಾರಿಯ ವಿಷಯದಲ್ಲಿ ಆಮೇಲೆ ಹಲವು ಏರಿಳಿತಗಳಾದವು, 2025ರಲ್ಲಿ ಮತ್ತೆ ಕೋರ್ಟಿಗೆ ಹೋಯಿತು. ಇದರಿಂದಾಗಿ ಒಂಬತ್ತು ವರ್ಷದ, ಚೆನ್ನಾಗಿ ಸಾಕಿದ ಡೀಸೆಲ್ ಕಾರನ್ನು ದೆಹಲಿಯವರು ಅಗ್ಗಕ್ಕೆ ಬಿಟ್ಟುಕೊಡುವ ಪರಿಸ್ಥಿತಿ ಬಂತು. ಕೆಟ್ಟಿದ್ದರಿಂದ ಮಾರುತ್ತಿರಲಿಲ್ಲ, ಕಾನೂನು ಮಾರಿಸುತ್ತಿತ್ತು. ಲೈಸೆನ್ಸ್ ಕಾಲದಂತೆ ಇಲ್ಲೂ ಉದ್ದೇಶ ಬೇರೆ, ಬೆಲೆ ಮಾತ್ರ ಈ ಸಲ ಕೆಳಮುಖ.

ದೆಹಲಿಯಿಂದ ಊರಿಗೆ ಮರಳುವ ಕನ್ನಡಿಗರು ಇಂಥ ಕಾರಿನ ಕಡೆ ನೋಡುವುದು ಸಹಜ. ಆದರೆ ಅಗ್ಗದ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ದೆಹಲಿಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿನ ನಂಬರ್ ಮಾಡಿಸಲೇಬೇಕು. ಕರ್ನಾಟಕದಲ್ಲಿ ಕಾರಿನ ವಯಸ್ಸು ನೋಡಿ ಜೀವಾವಧಿ ತೆರಿಗೆ ಕಟ್ಟಬೇಕು. ಆ ಮೊತ್ತವನ್ನು ಆರ್‌ಟಿಒದಲ್ಲಿ ಕೇಳಿ ಕೂಡಿಸಿಕೊಂಡ ಮೇಲೆ ಬಾನೆಟ್ ಎತ್ತಿ ನೋಡಿದರೂ ತಡವೇನಾಗುವುದಿಲ್ಲ.